ಇಂಬಳ ಮರದಿಂದ ಹಾರುತ್ತದೆಯೇ? ಜೌಗುನೆಲದ ಬೇಟೆಗಾರನ ಬಗ್ಗೆ ಕಥೆ ಎಷ್ಟು, ನಿಜ ಎಷ್ಟು?

ಮಳೆಗಾಲದಲ್ಲಿ ಬಸರೀಕಟ್ಟೆ ಕಡೆಯ ಅಡಿಕೆ ತೋಟಕ್ಕೆ ಇಳಿದವರಿಗೆ ಇಂಬಳದ ಪರಿಚಯ ಮಾಡಿಕೊಡಬೇಕಿಲ್ಲ. ಬಸಿಗಾಲುವೆ ದಾಟಿ ಮನೆಗೆ ಬರುವಷ್ಟರಲ್ಲಿ ಕಾಲ್ಬೆರಳ ಸಂದಿಯಲ್ಲಿ ಒಂದಾದರೂ ಕಚ್ಚಿಕೊಂಡಿರುತ್ತದೆ. ಸಿನಿಮಾಗಳ ಜೌಗಿನಲ್ಲಿ ಕೆಸರಿನಿಂದ ಎದ್ದು ಬರುವ ದೈತ್ಯ ಪ್ರಾಣಿ ಇರುತ್ತದೆ. ಮಲೆನಾಡಿನ ಜೌಗಿನಲ್ಲಿ ಹೊಂಚು ಹಾಕಿ ಕೂರುವುದು ಬೆರಳುದ್ದವೂ ಇಲ್ಲದ ಈ ಹುಳು. ಆದರೆ ಇದರ ಸುತ್ತ ಹುಟ್ಟಿಕೊಂಡ ಕಥೆಗಳೇನೂ ಚಿಕ್ಕವಲ್ಲ. ಕೆಲವನ್ನು ಪರಿಶೀಲಿಸೋಣ.

ಮರದಿಂದ ಬೀಳುತ್ತದೆಯೇ?

ಕುತ್ತಿಗೆಯಲ್ಲಿ ಇಂಬಳ ಸಿಕ್ಕರೆ ಮೇಲಿಂದ ಬಿತ್ತು ಎಂದುಕೊಳ್ಳುತ್ತೇವೆ. ಆದರೆ ನಮ್ಮ ಇಂಬಳಗಳು ಕಾಯುವುದು ಹೆಚ್ಚಾಗಿ ನೆಲದ ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ, ಗಿಡ್ಡ ಗಿಡಗಳ ಮೇಲೆ. ಹಿಂಬದಿಯಿಂದ ಎಲೆಗೆ ಅಂಟಿಕೊಂಡು, ಮುಂಭಾಗವನ್ನು ಎತ್ತಿ ಗಾಳಿಯಲ್ಲಿ ಆಡಿಸುತ್ತವೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಅವಕ್ಕೆ ಸುಳಿವು ಕೊಡುತ್ತವೆ. ಕಾಲಿಗೆ ಹತ್ತಿದ್ದೇ ಬಟ್ಟೆಯೊಳಗೆ ಮೇಲೇರಿ ಕುತ್ತಿಗೆ ತಲುಪುತ್ತದೆ. ಹಾಗೆಂದು ಜಿಗಿತ ಪೂರ್ತಿ ಕಟ್ಟುಕಥೆಯೂ ಅಲ್ಲ. ಮಡಗಾಸ್ಕರ್‌ನ ಒಂದು ಜಾತಿಯ ಇಂಬಳ ಎಲೆಯಿಂದ ಕೆಳಕ್ಕೆ ಜಿಗಿಯುವ ವಿಡಿಯೊ ಸಾಕ್ಷ್ಯವನ್ನು ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ್ದಾರೆ.

ಕೆಟ್ಟ ರಕ್ತವನ್ನಷ್ಟೇ ಹೀರುತ್ತದೆಯೇ?

ಇಲ್ಲ. ನಮ್ಮ ಮೈಯಲ್ಲಿ ಒಳ್ಳೆಯ ರಕ್ತ, ಕೆಟ್ಟ ರಕ್ತ ಬೇರೆ ಬೇರೆಯಾಗಿ ಹರಿಯುವುದಿಲ್ಲ. ಇಂಬಳ ಆರಿಸಿ ಕುಡಿಯುವುದೂ ಇಲ್ಲ. ಸುಶ್ರುತ ಸಂಹಿತೆಯಲ್ಲಿ ಜಿಗಣೆ ಚಿಕಿತ್ಸೆಗೇ ಒಂದು ಅಧ್ಯಾಯವಿದೆ ನಿಜ. ಆದರೆ ಅಲ್ಲೂ ಆರು ಬಗೆಯ ಜಿಗಣೆಗಳನ್ನು ವಿಷಯುಕ್ತ ಎಂದು ದೂರ ಇಡಲಾಗಿದೆ. ಈಗಲೂ ತುಂಡಾದ ಬೆರಳನ್ನು ಮರುಜೋಡಿಸಿದಾಗ ಕಟ್ಟಿಕೊಂಡ ರಕ್ತವನ್ನು ಹೊರತೆಗೆಯಲು ಕೆಲವು ಆಸ್ಪತ್ರೆಗಳು ಜಿಗಣೆ ಬಳಸುತ್ತವೆ. ಅಮೆರಿಕದ ಎಫ್‌ಡಿಎ 2004ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಆದರೆ ಅವು ಇದಕ್ಕೆಂದೇ ಸಾಕಿದ ನೀರಿನ ಜಿಗಣೆಗಳು, ತೋಟದ ಇಂಬಳಗಳಲ್ಲ.

ರಕ್ತ ಯಾಕೆ ನಿಲ್ಲುವುದಿಲ್ಲ?

ಜಿಗಣೆಯ ದೇಹದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ನಂತರ ಅದಕ್ಕೆ ಹಿರುಡಿನ್ ಎಂಬ ಹೆಸರು ಬಂತು. ಇಂಬಳದಲ್ಲೂ ಇದೇ ಕೆಲಸ ಮಾಡುವ ಪ್ರೋಟೀನ್ ಇದೆ. ಹಾಗಾಗಿ ಅದು ಬಿಟ್ಟುಹೋದ ಮೇಲೂ ಬಹಳ ಹೊತ್ತು ರಕ್ತ ಜಿನುಗುತ್ತದೆ. ಮಳೆನೀರಿನ ಜೊತೆ ಸೇರಿ ಹರಿಯುವುದರಿಂದ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆರೋಗ್ಯವಂತರಿಗೆ ಇದರಿಂದ ಅಪಾಯವಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಎಚ್ಚರವಾಗಿರಬೇಕು.

ತೆಗೆಯುವುದು ಹೇಗೆ?

ಕಚ್ಚಿಕೊಂಡಿರುವ ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಅಥವಾ ಬೆಂಕಿ ಮುಟ್ಟಿಸಿದರೆ ಅದು ಬಿಡುತ್ತದೆ. ಆದರೆ ಬಿಡುವಾಗ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಅದರಿಂದ ಸೋಂಕಾಗುವ ಸಾಧ್ಯತೆ ಇದೆ. ಅದರ ಬದಲು ಸಪೂರ ತುದಿಯ ಬಳಿ ಚರ್ಮಕ್ಕೆ ತಾಗಿಸಿ ಉಗುರನ್ನು ಜಾರಿಸಿ, ಬಾಯಿ ಬಿಡಿಸಿ. ಆಮೇಲೆ ಇನ್ನೊಂದು ತುದಿಯನ್ನೂ ಹಾಗೇ ಬಿಡಿಸಿ. ಸೋಪು ಹಚ್ಚಿ ತೊಳೆದು, ಶುಭ್ರ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ತುರಿಕೆಯಾದರೂ ಕೆರೆದುಕೊಳ್ಳಬೇಡಿ.

ಹೆದರಬೇಕಾದದ್ದು ಯಾವುದಕ್ಕೆ?

ಮಂಗನ ಕಾಯಿಲೆ ಇಂಬಳದಿಂದ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ವೈರಸ್ ಅನ್ನು ಹರಡುವುದು ಉಣುಗು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಪ್ರಕರಣಗಳು ಕಂಡುಬಂದಿವೆ. ಇಂಬಳ ಮಳೆಗಾಲದ ಜೀವಿಯಾದರೆ, ಉಣುಗಿನ ಹಾವಳಿ ಹೆಚ್ಚುವುದು ಮಳೆ ನಿಂತು ನೆಲ ಒಣಗಿದ ಮೇಲೆ, ಸುಮಾರು ಡಿಸೆಂಬರ್‌ನಿಂದ ಮೇವರೆಗೆ. ದರಗು ಗುಡಿಸಲು, ಸೌದೆ ತರಲು ನಾವು ನಿಶ್ಚಿಂತೆಯಿಂದ ಕಾಡಿಗೆ ಹೋಗುವುದೂ ಅದೇ ಹೊತ್ತಿಗೆ. ಇಂಬಳ ಕಚ್ಚಿದರೆ ಹರಿಯುವ ರಕ್ತ ನೋಡಿಯಾದರೂ ತಿಳಿಯುತ್ತದೆ. ಸಾಸಿವೆಯಷ್ಟು ಚಿಕ್ಕ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಮೈ ತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಕಾಡಿಗೆ ಹೋಗಿ ಬಂದ ಕೆಲ ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಕಾಣಿಸಿಕೊಂಡರೆ ಕಷಾಯ ಕುಡಿದು ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಮರೆಯದೆ ಹೇಳಿ.