ತೈಲ ಮಾರಿದ ದುಡ್ಡು ಗಳಿಕೆಯೋ, ಕರಗಿದ ಆಸ್ತಿಯೋ?

1971ರಿಂದ 1984ರವರೆಗೆ ಇಂಡೊನೇಷ್ಯಾದ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇ 7.1ರಷ್ಟು ಬೆಳೆದಿತ್ತು. 1989ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟೊ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಮಾಡಿದರು. ಹೊರತೆಗೆದ ತೈಲ, ಕಡಿದ ಕಾಡು, ಕೊಚ್ಚಿಹೋದ ಮಣ್ಣಿನ ಬೆಲೆ ಕಳೆದಾಗ ಉಳಿದದ್ದು ಶೇ 4 ಮಾತ್ರ.

ದೋಷವಿದ್ದದ್ದು ಲೆಕ್ಕದ ಪದ್ಧತಿಯಲ್ಲೇ. ವಿಶ್ವಸಂಸ್ಥೆ 1953ರಲ್ಲಿ ರೂಪಿಸಿದ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ ಕಾರ್ಖಾನೆಯ ಯಂತ್ರ ಸವೆದರೆ ಸವಕಳಿ ಕಳೆಯುತ್ತಿದ್ದರು. ತೈಲಬಾವಿ ಬರಿದಾದರೆ ಬಂದದ್ದೆಲ್ಲ ಆದಾಯ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ನಮ್ಮವರ ಎಚ್ಚರಿಕೆಗೆ ಅಲ್ಲಿ ಕಾಲಂ ಇರಲಿಲ್ಲ.

ಮುಗಿದುಹೋಗುವ ಸಂಪತ್ತಿನಿಂದ ಬಂದ ಲಾಭವನ್ನು ಬೇರೆ ಬಂಡವಾಳಕ್ಕೆ ಹೂಡಿದರಷ್ಟೇ ಮುಂದಿನವರ ಬದುಕು ಕುಗ್ಗದು ಎಂದು ಕೆನಡಾದ ಜಾನ್ ಹಾರ್ಟ್‌ವಿಕ್ 1977ರಲ್ಲೇ ತೋರಿಸಿದ್ದರು. 1993ರಲ್ಲಿ ಬ್ರಿಟನ್ನಿನ ಡೇವಿಡ್ ಪಿಯರ್ಸ್ ಮತ್ತು ಜೈಲ್ಸ್ ಅಟ್ಕಿನ್ಸನ್ ಈ ವಿಚಾರವನ್ನು ದೇಶ ದೇಶಗಳ ಉಳಿತಾಯಕ್ಕೆ ಅನ್ವಯಿಸಿದರು. ಕರ್ಕ್ ಹ್ಯಾಮಿಲ್ಟನ್ ಅದನ್ನು ವಿಶ್ವಬ್ಯಾಂಕಿನಲ್ಲಿ ಬೆಳೆಸಿದರು. ಒಟ್ಟು ರಾಷ್ಟ್ರೀಯ ಆದಾಯದಲ್ಲಿ ಇಂಧನ ಸವಕಳಿಯ ಪಾಲೆಷ್ಟು ಎಂಬ ಅಂಕಿ ಹೀಗೆ ಬ್ಯಾಂಕಿನ ಪಟ್ಟಿ ಸೇರಿತು.

ಲೆಕ್ಕ ಇಷ್ಟೇ: ದೇಶವೊಂದರ ನೆಲದಡಿಯ ತೈಲ, ಅನಿಲ, ಕಲ್ಲಿದ್ದಲಿನಿಂದ ಖರ್ಚು ಕಳೆದು ಮುಂದೆ ಸಿಗಬಹುದಾದ ಲಾಭದ ಇಂದಿನ ಮೌಲ್ಯ 2,500 ಕೋಟಿ ಡಾಲರ್ ಎನ್ನೋಣ. ನಿಕ್ಷೇಪ ಇನ್ನೆಷ್ಟು ವರ್ಷ ಬಾಳುತ್ತದೋ ಅದರಿಂದ ಭಾಗಿಸಬೇಕು. ಅದು 25 ವರ್ಷ ಎನ್ನೋಣ. ಆ ವರ್ಷದ ಸವಕಳಿ 100 ಕೋಟಿ. ರಾಷ್ಟ್ರೀಯ ಆದಾಯ 2,000 ಕೋಟಿಯಾದರೆ ಶೇ 5.

ಈ ಶೇಕಡಾವಾರು ಹೆಚ್ಚಿದ್ದ ಮಾತ್ರಕ್ಕೆ ದೇಶ ದುಂದು ಮಾಡುತ್ತಿದೆ ಎಂದಲ್ಲ. ನಾರ್ವೆ ತನ್ನ ತೈಲದ ಹಣಕ್ಕೆ 1990ರಲ್ಲಿ ನಿಧಿಯ ಕಾನೂನು ಮಾಡಿ, 1996ರಿಂದ ಹಣ ತುಂಬುತ್ತ ಬಂತು. ನೆಲದಡಿಯ ಆಸ್ತಿ ಷೇರು, ಬಾಂಡುಗಳಾಗಿ ಉಳಿಯಿತು. ಹಾಗಾಗಿ ವಿಶ್ವಬ್ಯಾಂಕ್ ಸವಕಳಿಯನ್ನು ಉಳಿತಾಯದಿಂದ ಕಳೆದು, ಶಿಕ್ಷಣದ ವೆಚ್ಚವನ್ನು ಕೂಡಿಸಿ, ನಿವ್ವಳ ಉಳಿತಾಯ ನೋಡುತ್ತದೆ. ಅದು ಸೊನ್ನೆಗಿಂತ ಕೆಳಗಿದ್ದರೆ ದೇಶ ಆಸ್ತಿ ಕರಗಿಸಿ ಬದುಕುತ್ತಿದೆ ಎಂದರ್ಥ.

2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದ ಬ್ಯಾರೆಲ್ ತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಲಾಭ ತೈಲದ ದರವನ್ನು ಅವಲಂಬಿಸಿರುವುದರಿಂದ, ಬಾವಿಗಳು ಮೊದಲಿನಷ್ಟೇ ಬರಿದಾಗುತ್ತಿದ್ದರೂ ಇಂಥ ವರ್ಷಗಳಲ್ಲಿ ಸವಕಳಿಯ ಅಂಕಿ ಕುಗ್ಗುತ್ತದೆ. ಅಂಕಿ ಇಳಿಯಿತೆಂದು ಹಿಗ್ಗುವ ಮಂತ್ರಿಗಳು ಮೊದಲು ಆ ವರ್ಷದ ತೈಲದ ದರ ನೋಡಿಕೊಳ್ಳುವುದು ಒಳ್ಳೆಯದು.