ಕ್ಲಚ್ ಹೋಗೇತಿ ಅಂದ್ರ ಎಷ್ಟು ಕೊಡಬೇಕು?

ಕಾರಿನ ಗೇರ್‌ಬಾಕ್ಸ್ ಬಗ್ಗೆ ಮಾತು ಶುರುವಾಯ್ತು ಅಂದ್ರೆ ನಮ್ಮಲ್ಲಿ ಬಹಳ ಜನ ಸುಮ್ಮನಾಗ್ತಾರೆ. ಗಾಡಿ ಗ್ಯಾರೇಜಿನಲ್ಲಿದೆ, ಎಸ್ಟಿಮೇಟ್ ಮೊಬೈಲ್‌ನಲ್ಲಿದೆ. ಕೊನೆಯ ಸಾಲಿನ ಮೊತ್ತ ನೋಡಿ ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸರ್’ ಅಂತೀವಿ. ಅವರು ಐನೂರು ರೂಪಾಯಿ ಬಿಡ್ತಾರೆ, ಇಬ್ಬರಿಗೂ ಸಮಾಧಾನ. ಆದರೆ ರೇಟು ನ್ಯಾಯವೋ ಅಲ್ಲವೋ ಅನ್ನೋದು ಕೊನೆಯ ಸಾಲಿನಲ್ಲಿ ಗೊತ್ತಾಗೋದೇ ಇಲ್ಲ. ಅದಕ್ಕೆ ಮೇಲಿನ ಸಾಲುಗಳನ್ನ ಓದಬೇಕು.

ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ನಮ್ಮ ಕಾಕಾ ಹಳದಿ ಬೋರ್ಡಿನ ಡೀಸೆಲ್ ಕಾರು ಓಡಿಸ್ತಾರೆ. ಜಮಖಂಡಿ, ವಿಜಯಪುರ, ಮಿರಜ್‌ನ ದವಾಖಾನೆಗಳಿಗೆ ಹೋಗುವವರೇ ಹೆಚ್ಚಿನ ಗಿರಾಕಿಗಳು. ಕಾರು ನಿಂತ ದಿನ ಗಳಿಕೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲಲ್ಲ. ಕಳೆದ ಕಬ್ಬಿನ ಹಂಗಾಮಿನಲ್ಲಿ ಅವರಿಂದ ನನಗೊಂದು ಫೋಟೋ ಬಂತು, ಹಿಂದೆಯೇ ಫೋನು: “ತಮ್ಮಾ, ಕ್ಲಚ್ ಹೋಗೇತಂತ. ಮೂವತ್ತೊಂದೂವರಿ ಸಾವಿರ ಹೇಳ್ಯಾರ. ಖರೇನ ಇಷ್ಟ ಆಗತೈತೇನು ನೋಡಿ ಹೇಳ.”

ಎಸ್ಟಿಮೇಟ್ ಹೀಗಿತ್ತು. ಕ್ಲಚ್ ಸೆಟ್ 8,900. ಫ್ಲೈವೀಲ್ 7,800. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕುವ ಲೇಬರ್ 5,200. ಫ್ಲೈವೀಲ್ ಲೇಬರ್ 1,500. ಬೇರಿಂಗ್ ಲೇಬರ್ 900. ಎಂಜಿನ್ ಫ್ಲಶ್ 850. ಇಂಜೆಕ್ಟರ್ ಕ್ಲೀನಿಂಗ್ 1,600. ಒಟ್ಟು 26,750ರ ಮೇಲೆ ಶೇ 18 ಜಿಎಸ್‌ಟಿ 4,815. ಕೊನೆಗೆ 31,565. ಕಾರಿನಿಂದ ಕಾರಿಗೆ ಈ ಅಂಕಿ ಬೇರೆ ಇರುತ್ತೆ, ಆದರೆ ಸಾಲುಗಳು ಹೆಚ್ಚುಕಡಿಮೆ ಇವೇ.

ರೇಟು ನೋಡೋ ಮೊದಲು ಕೇಳಬೇಕಾದ್ದು, ಕ್ಲಚ್ ನಿಜವಾಗ್ಲೂ ಹೋಗಿದೆಯಾ ಅಂತ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ. ಬರೀ ಪೆಡಲ್ ಗಟ್ಟಿಯಾಗಿದ್ರೆ, ಗೇರ್ ಸರಿಯಾಗಿ ಬೀಳದಿದ್ರೆ ಕೇಬಲ್ಲಿನದೋ ಹೈಡ್ರಾಲಿಕ್ ಸಿಲಿಂಡರಿನದೋ ತೊಂದರೆ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸೋದೇ ಬೇಡ ಅನ್ನೋ ಸಂದರ್ಭಗಳೂ ಉಂಟು. ಕಾಕಾ ಗಾಡಿ ಮಾತ್ರ ಸ್ಪಷ್ಟವಾಗಿ ಜಾರ್ತಿತ್ತು. ಆಶ್ಚರ್ಯವೇನಿಲ್ಲ. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳ್ಕೊಂಡು ಹೋಗೋ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳಬೇಕು, ಪ್ಲೇಟು ಸವೆಯದೇ ಇನ್ನೇನಾದೀತು?

ಈಗ ಲೇಬರ್. ಕ್ಲಚ್ ಕೆಲಸದ ಬಹುಪಾಲು ಶ್ರಮ ಗೇರ್‌ಬಾಕ್ಸ್ ಇಳಿಸಿ ಏರಿಸೋದರಲ್ಲೇ ಇದೆ. 5,200 ಜಾಸ್ತಿ ಅನ್ನಿಸಿದ್ರೂ ಅದು ನಿಜವಾದ ಕೆಲಸ, ಭಾರದ ಕೆಲಸ. ಅದರ ಬಗ್ಗೆ ನಾನು ತಕರಾರು ಮಾಡಲಿಲ್ಲ. ಆದರೆ ರಿಲೀಸ್ ಬೇರಿಂಗ್ ಇರೋದು ಗೇರ್‌ಬಾಕ್ಸಿನ ಕಡೆಯಲ್ಲೇ. ಗೇರ್‌ಬಾಕ್ಸ್ ಇಳಿದ ಮೇಲೆ ಅದು ಕೈಗೇ ಸಿಗುತ್ತೆ, ಸಾಮಾನ್ಯವಾಗಿ ಕ್ಲಚ್ ಸೆಟ್ಟಿನ ಜೊತೆಗೇ ಬದಲಾಗುತ್ತೆ. ಅದಕ್ಕೆ ಬೇರೆ 900 ಯಾಕೆ? ಫ್ಲೈವೀಲ್ ಕೂಡ ಆಗ ಕೆಲವೇ ಬೋಲ್ಟುಗಳ ಕೆಲಸ. ಒಂದು ಸಲ ಬಿಚ್ಚೋದಕ್ಕೆ ಎರಡು ಮೂರು ಸಲ ಲೇಬರ್ ಹಾಕೋ ಈ ಚಾಳಿ ಟೈಮಿಂಗ್ ಬೆಲ್ಟ್ ಕೆಲಸದಲ್ಲೂ ಕಾಣುತ್ತೆ. ಎಷ್ಟೋ ಎಂಜಿನ್ನುಗಳಲ್ಲಿ ಬೆಲ್ಟ್ ತೆಗೆದಾಗ ವಾಟರ್ ಪಂಪ್ ಎದುರಿಗೇ ಇರುತ್ತೆ, ಬಿಲ್ಲಿನಲ್ಲಿ ಮಾತ್ರ ಎರಡಕ್ಕೂ ಪೂರಾ ಲೇಬರ್.

ಇನ್ನು ಫ್ಲೈವೀಲ್. ಗೇರ್‌ಬಾಕ್ಸ್ ಇಳಿಸೋ ಮೊದಲೇ ಅದು ಹಾಳಾಗಿದೆ ಅಂತ ಬರೆದಿದ್ರು. ಬಿಚ್ಚದೆ ಹೆಂಗ ಕಂಡ್ರೀ? ಬಿಸಿಯಿಂದ ನೀಲಿಗಟ್ಟಿದ ಕಲೆ, ಬಿರುಕು, ಆಳವಾದ ಗೀರು ಇದ್ರೆ ಬದಲಿಸೋದು ಬೇರೆ ಮಾತು. ಅದಕ್ಕೇ “ಬಿಚ್ಚಿದ ಮೇಲೆ ಫೋಟೋ ಕಳಿಸ್ರಿ, ನೋಡಿ ಹೇಳ್ತೀವಿ” ಅಂತ ಕಾಕಾ ಹತ್ರ ಹೇಳಿಸಿದೆ. ಬ್ರೇಕ್ ಡಿಸ್ಕಿಗೂ ಇದೇ ಮಾತು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಹೆಚ್ಚಾಗಿ ಡಿಸ್ಕಿನ ಮೇಲೇ ಒತ್ತಿರ್ತಾರೆ, ಅಳೆದು ತೋರಿಸಿ ಅಂತ ಕೇಳಬಹುದು.

ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ ಇವಕ್ಕೂ ಕ್ಲಚ್ಚಿಗೂ ಸಂಬಂಧವೇ ಇಲ್ಲ. ಹೋಟೆಲಿನಲ್ಲಿ ದೋಸೆ ಹೇಳಿದ್ರೆ ಜೊತೆಗೆ ವಡೆ ತಂದಿಟ್ಟ ಹಾಗೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಅಂತ ಇರುತ್ತೆ. ಅದರಲ್ಲಿ ಇಲ್ಲದ್ದನ್ನ ಯಾರಾದ್ರೂ ಸೇರಿಸಿದ್ರೆ ಕಾರಣ ಕೇಳಿ.

ನನಗೆ ಎಲ್ಲಕ್ಕಿಂತ ಕಣ್ಣು ಕುಕ್ಕಿದ್ದು ಜಿಎಸ್‌ಟಿ ಸಾಲು. ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತೆ. ಕ್ಲಚ್ ಸೆಟ್ಟಿನ 8,900 ಮತ್ತು ಫ್ಲೈವೀಲಿನ 7,800 ಎರಡೂ ಎಂಆರ್‌ಪಿಯೇ. ಪಾರ್ಟ್ ನಂಬರ್ ಹಾಕಿ ಆನ್‌ಲೈನ್ ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಯ್ತು. ಅದರ ಮೇಲೆ ಮತ್ತೆ ಶೇ 18 ಹಾಕಿದ್ರಿಂದ 3,006 ರೂಪಾಯಿ ಸುಮ್ಮನೆ ಏರಿತ್ತು. ಲೇಬರ್ ಮೇಲೆ ಜಿಎಸ್‌ಟಿ ಹಾಕಬಹುದು, ಅದೂ ಗ್ಯಾರೇಜಿಗೆ ನೋಂದಣಿ ಇದ್ರೆ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತೆ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಶೇ 28ರಲ್ಲಿದ್ದ ಕಾರಿನ ಬಿಡಿಭಾಗಗಳೂ ಶೇ 18ಕ್ಕೆ ಇಳಿದಿವೆ. ಹಳೇ ಸ್ಟಾಕಿನ ಹಳೇ ಎಂಆರ್‌ಪಿ ತೋರಿಸಿದ್ರೆ ಇದನ್ನ ನೆನಪಿಸಿ.

ಈ ನಡುವೆ ಕಾಕಾ ಜಮಖಂಡಿಯ ಪರಿಚಯದ ಮಿಸ್ತ್ರಿಗೂ ಫೋನ್ ಮಾಡಿದ್ರು. “ಹನ್ನೊಂದ ಸಾವಿರ ಕೊಡ್ರಿ, ಎಲ್ಲಾ ಕೂಡಿ” ಅಂದ್ರಂತೆ. ಮೂವತ್ತೊಂದು ಎಲ್ಲಿ, ಹನ್ನೊಂದು ಎಲ್ಲಿ! ಆದರೆ ಹನ್ನೊಂದರಲ್ಲಿ ಯಾವ ಕಂಪನಿಯ ಪ್ಲೇಟು, ಪ್ರೆಶರ್ ಪ್ಲೇಟ್ ಹೊಸದೋ ಹಳೇದೋ, ಬೇರಿಂಗ್ ಇದೆಯೋ ಇಲ್ಲವೋ ಗೊತ್ತಿಲ್ಲ. ಬಿಲ್ಲೂ ಇಲ್ಲ. ಇವೆರಡನ್ನ ಹೋಲಿಸೋದಕ್ಕೇ ಬರಲ್ಲ. ಹಾಗಂತ ಹೊರಗಿನ ಪಾರ್ಟ್ ಅಂದ್ರೆ ಡುಪ್ಲಿಕೇಟ್ ಅಂತಲ್ಲ. ವೇಲಿಯೋ, ಲುಕ್, ಎಕ್ಸೆಡಿಯಂಥವರು ಕಾರು ಕಂಪನಿಗಳಿಗೂ ಕ್ಲಚ್ ಮಾಡಿಕೊಡ್ತಾರೆ, ತಮ್ಮ ಹೆಸರಿನಲ್ಲೂ ಮಾರ್ತಾರೆ. ಹಳೇ ಮಿಸ್ತ್ರಿ ಇಂಥ ಸೆಟ್ ಹಾಕಿ ಚೀಟಿಯಲ್ಲಿ ಹೆಸರು ಬರೆದುಕೊಟ್ರೆ ನಾನಂತೂ ಕಣ್ಣು ಮುಚ್ಚಿ ಒಪ್ತೀನಿ. ಅವರು ಸದ್ದು ಕೇಳಿಯೇ ರೋಗ ಹೇಳೋದಕ್ಕೂ ದುಡ್ಡು ಕೊಡಬೇಕು. ‘ಬರೀ ನೋಡಿದ್ದಕ್ಕೆ ಮುನ್ನೂರಾ?’ ಅಂತ ಕೇಳೋರನ್ನ ಕಂಡ್ರೆ ನನಗಾಗಲ್ಲ.

ಹೊರಗೆ ರಿಪೇರಿ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಅನ್ನೋ ಹೆದರಿಕೆ ಹೊಸ ಕಾರಿನವರಿಗೆ ಇರುತ್ತೆ. ಇದರ ಬಗ್ಗೆ ಒಂದು ದೊಡ್ಡ ಆದೇಶವೇ ಇದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳು, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದು ತಪ್ಪು ಅಂತ. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಅನ್ನೋ ಷರತ್ತು ಹಾಕುವಂತಿಲ್ಲ, ಆ ಕೆಲಸದಿಂದಲೇ ಆದ ಹಾನಿಗೆ ಮಾತ್ರ ನಿರಾಕರಿಸಬಹುದು ಅಂತಲೂ ಹೇಳಿತು. ದಂಡದ ವಿಷಯ ಆಮೇಲೆ ಮೇಲ್ಮನವಿಗೆ ಹೋಯ್ತು.

ಕಾಕಾ ಕೊನೆಗೆ ಮೊದಲಿನ ವರ್ಕ್‌ಶಾಪಿನಲ್ಲೇ ಮಾಡಿಸಿದ್ರು. ಗಾಡಿಯನ್ನ ಅಲ್ಲಿಂದ ಎಳೆಸಿಕೊಂಡು ಜಮಖಂಡಿಗೆ ತಂದ್ರೆ ಆ ಖರ್ಚು ಬೇರೆ, ಇನ್ನೆರಡು ದಿನದ ಗಳಿಕೆ ಬೇರೆ. ಬಿಚ್ಚಿದ ಮೇಲೆ ಬಂದ ಫೋಟೋದಲ್ಲಿ ಫ್ಲೈವೀಲ್ ಚೆನ್ನಾಗೇ ಇತ್ತು. ಕ್ಲಚ್ ಸೆಟ್ 8,900, ಲೇಬರ್ ತೆರಿಗೆ ಸೇರಿ 6,136, ಒಟ್ಟು 15,036. ಜಗಳ ಆಗಲಿಲ್ಲ. ಒಂದೊಂದೇ ಸಾಲು ಕೇಳಿದ್ವಿ, ಅವರು ಒಂದೊಂದೇ ಸಾಲು ಹೊಡೆದು ಹಾಕಿದ್ರು. ಹಳೇ ಪ್ಲೇಟನ್ನ ಕಾಕಾ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದ್ರು.

ಮಾತಿಗೆ ಬಗ್ಗದವರೂ ಇರ್ತಾರೆ. ಅದಕ್ಕೆ ಎಸ್ಟಿಮೇಟ್, ಫೋಟೋ, ಬಿಲ್ ಎಲ್ಲವೂ ಮೊಬೈಲ್‌ನಲ್ಲಿರಲಿ. ಮೊದಲು 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದವರೆಗಿದ್ರೆ ಶುಲ್ಕ ಇಲ್ಲ, ದೂರಿಗೆ ಎರಡು ವರ್ಷದ ಅವಧಿ ಇದೆ. ಹಳದಿ ಬೋರ್ಡಿನವರು ‘ನಮ್ಮದು ಧಂದೆ ಗಾಡಿ, ನಮಗೆಲ್ಲಿಯ ಗ್ರಾಹಕ ಕಾನೂನು’ ಅಂದುಕೊಳ್ತಾರೆ. ಸ್ವಂತ ಹೊಟ್ಟೆಪಾಡಿಗೆ ತಾವೇ ದುಡಿಯೋರನ್ನ ಆ ಕಾನೂನು ಗ್ರಾಹಕರು ಅಂತಲೇ ಲೆಕ್ಕ ಹಿಡಿಯುತ್ತೆ.