ಕೈಯರಿಯುವ ತಿರುಗಣೆ, ಕಣ್ಣರಿಯುವ ಪರದೆ

ಕಾಯಕಕ್ಕೆ ತಕ್ಕ ಉಪಕರಣವಿರಬೇಕೇ ಹೊರತು ಉಪಕರಣಕ್ಕೆ ತಕ್ಕಂತೆ ಕಾಯಕವು ಬಾಗಬಾರದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತರುಣರು ಡಿಜಿಟಲ್ ಕ್ಯಾಮೆರಾ ಕೊಳ್ಳುವಾಗ ಗುಂಡಿ, ತಿರುಗಣೆಗಳುಳ್ಳದ್ದು ಮೇಲೋ, ಬೆರಳು ಮುಟ್ಟಿದರೆ ನಡೆಯುವ ಟಚ್ ಸ್ಕ್ರೀನ್ ಮೇಲೋ ಎಂದು ನಮ್ಮನ್ನು ಕೇಳುವುದುಂಟು. ಶಾಸನಗಳ ಚಿತ್ರ ತೆಗೆಸುವ ಅಭ್ಯಾಸವುಳ್ಳ ನಾವು ಆ ಕೆಲಸವನ್ನೇ ಒರೆಗಲ್ಲಾಗಿಟ್ಟು ಉತ್ತರಿಸುತ್ತೇವೆ.

ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದ, ಕ್ರಿ.ಶ. 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನದಲ್ಲಿ ಕವಿ ಜನ್ನನ ರಚನೆಯಿದೆ. ಇಂತಹ ಕಲ್ಲಿನ ಅಕ್ಷರಗಳು ಓದಲು ದಕ್ಕುವುದು ಓರೆಬಿಸಿಲಿನಲ್ಲಿ. ಬಿಸಿಲು ನೆತ್ತಿಗೇರಿದರೆ ಅಕ್ಷರದ ನೆರಳು ಮಾಯವಾಗುತ್ತದೆ. ಸಮಯ ಕಡಿಮೆ. ಅದರ ಮೇಲೆ, ಕಪ್ಪು ಕಲ್ಲನ್ನು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ಬಗೆದು ಚಿತ್ರವನ್ನು ತಾನಾಗಿ ಬೆಳ್ಳಗಾಗಿಸುತ್ತದೆ. ಆಗ ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸಬೇಕು. ತಿರುಗಣೆಯಿದ್ದರೆ ಕಣ್ಣನ್ನು ಕಿಂಡಿಯಿಂದ ತೆಗೆಯದೆ ಹೆಬ್ಬೆರಳಿನಿಂದಲೇ ಆ ಕೆಲಸವಾಗುತ್ತದೆ. ಪರದೆಯಾದರೆ ಕಣ್ಣು ತೆಗೆದು, ಬಿಸಿಲಿಗೆ ಮಂಕಾದ ಗಾಜಿನಲ್ಲಿ ಚಿಹ್ನೆಯನ್ನು ಹುಡುಕಬೇಕು.

ಟಚ್ ಸ್ಕ್ರೀನ್ ಬೆರಳಿನ ಒತ್ತಡದಿಂದ ನಡೆಯುವುದಲ್ಲ. ಗಾಜಿನಡಿಯ ಸೂಕ್ಷ್ಮ ವಿದ್ಯುತ್ ಕ್ಷೇತ್ರವು ಬೆರಳು ತಾಗಿದಾಗ ಬದಲಾಗುವುದನ್ನು ಅದು ಗುರುತಿಸುತ್ತದೆ. ನೀರಹನಿಯೂ ಆ ಕ್ಷೇತ್ರವನ್ನು ಕದಡುವುದರಿಂದ ಮಲೆನಾಡಂಚಿನ ಮಳೆಯಲ್ಲಿ ಅದು ತಪ್ಪುವುದು ಸಹಜ. ದುಡಿಮೆಯಿಂದ ಜಡ್ಡುಗಟ್ಟಿ ಒಣಗಿದ ಬೆರಳುಗಳಿಗೂ ಅದು ಕೆಲವೊಮ್ಮೆ ಓಗೊಡುವುದಿಲ್ಲ.

ಇದು ಕೇವಲ ಹಳಬರ ಹಟವಲ್ಲ. 2017ರಲ್ಲಿ ಸಿಂಗಪುರದ ಸಮೀಪ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಅಪಘಾತಕ್ಕೀಡಾಗಿ ಹತ್ತು ನಾವಿಕರು ಮಡಿದರು. ತನಿಖೆಯಲ್ಲಿ ಅದರ ಟಚ್ ಸ್ಕ್ರೀನ್ ನಿಯಂತ್ರಣದ ಗೊಂದಲವೂ ಒಂದು ಕಾರಣವೆಂದು ಕಂಡುಬಂದು, 2019ರಲ್ಲಿ ಆ ನೌಕಾಪಡೆ ಅಂತಹ ನೌಕೆಗಳಲ್ಲಿ ಮತ್ತೆ ಕೈಹಿಡಿಗಳನ್ನು ಅಳವಡಿಸಲು ನಿರ್ಧರಿಸಿತು. ಕ್ಯಾಮೆರಾ ಲೋಕದಲ್ಲಿಯೂ 2013ರ ನಿಕಾನ್ ಡಿಎಫ್, 2014ರ ಫ್ಯೂಜಿಫಿಲ್ಮ್ ಎಕ್ಸ್-ಟಿ1 ತಿರುಗಣೆಗಳನ್ನೇ ಮುಂದಿಟ್ಟು ಬಂದವು.

ಹಾಗೆಂದು ಪರದೆಯನ್ನು ಹಳಿಯುವುದು ನ್ಯಾಯವಲ್ಲ. ಕಲ್ಲಿನ ಕೆಳಸಾಲುಗಳನ್ನು ತೆಗೆಯುವಾಗ ನೆಲಕ್ಕೆ ಮಲಗದೆ, ಓರೆಯಾಗಿಸಿದ ಪರದೆಯಲ್ಲಿ ಬೇಕಾದ ಅಕ್ಷರವನ್ನು ಮುಟ್ಟಿದರೆ ಸಾಕು, ಕ್ಯಾಮೆರಾ ಅಲ್ಲಿಯೇ ನೆಲೆಗೊಳ್ಳುತ್ತದೆ. ವಯಸ್ಸಾದವರ ಮಂಡಿಗೆ ಇದು ದೊಡ್ಡ ಉಪಕಾರ. ಆದುದರಿಂದ ಬೆಳಕು, ವೇಗಗಳನ್ನು ತಿರುಗಣೆಯಿಂದಲೂ ಲಕ್ಷ್ಯದ ಜಾಗವನ್ನು ಸ್ಪರ್ಶದಿಂದಲೂ ನಿಶ್ಚಯಿಸುವ ಕ್ಯಾಮೆರಾ ಉತ್ತಮ. ಮೊಬೈಲ್ ಮಾತ್ರವಿದ್ದವರು ಪರದೆಯನ್ನು ಕುಟ್ಟುವ ಬದಲು ಧ್ವನಿಯ ಗುಂಡಿಯನ್ನು ಒತ್ತಿ ಚಿತ್ರ ತೆಗೆಯಲಿ. ಹಲವು ಮೊಬೈಲ್‌ಗಳಲ್ಲಿ ಈ ಅನುಕೂಲವಿದ್ದು, ಕೈ ನಡುಕ ತಗ್ಗುತ್ತದೆ.

ಬಿ.ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1901ರಲ್ಲಿ ಪ್ರಕಟಿಸಿದರು. ಆ ಬಳಿಕ ಮಳೆಬಿಸಿಲಿಗೆ ಸವೆದ ಅಕ್ಷರಗಳು ಮರಳಿ ಮೂಡವು. ನಿಮ್ಮೂರ ಹೊಲದ ಬದುವಿನಲ್ಲಿ ಬರಹವುಳ್ಳ ವೀರಗಲ್ಲಿದ್ದರೆ ಈ ಚಳಿಗಾಲದ ಒಂದು ಬೆಳಗನ್ನು ಅದಕ್ಕಾಗಿ ಮೀಸಲಿಡಿರಿ. ಇದ್ದ ಕ್ಯಾಮೆರಾದಲ್ಲೇ ತೆಗೆಯಿರಿ, ಊರು, ದಿನಾಂಕಗಳನ್ನು ಬರೆದಿಡಿರಿ. ಮುಂದಿನವರಿಗೆ ಓದಲು ದೊರೆಯುವುದು ಆ ಚಿತ್ರವೊಂದೇ ಆಗಬಹುದು.